ಒಂದು ವಾರಕ್ಕೆಂದು ತಂದ ಗಂಟೆ

“ಇನ್ಮೇಕೆ ಎಷ್ಟಾಕ್ಲಿ ಅವ್ವಾ?” ಎಂದು ಹಾಲಿನ ದೊಡ್ಡಮಾದಯ್ಯ ಕೇಳಿದಾಗ, ಆ ಪ್ರಶ್ನೆ ತನಗೇ ಎಂದು ಪವಿತ್ರಳಿಗೆ ತಿಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ನಿನ್ನೆಯವರೆಗೆ ಹಾಲನ್ನು ಯಾರೋ ಹಾಕಿಸಿಕೊಳ್ಳುತ್ತಿದ್ದರು, ಯಾರೋ ಕಾಯಿಸುತ್ತಿದ್ದರು. ಹನ್ನೊಂದನೆಯ ದಿನದ ಶಿವಗಣಾರಾಧನೆ ಮುಗಿದು, ಬೀದಿಗೆ ಅಡ್ಡ ಕಟ್ಟಿದ್ದ ಶಾಮಿಯಾನ ಬಿಚ್ಚಿ, ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ ಬಂದ ಮೊದಲನೆಯ ಬೆಳಗು ಇದು. ದೊಡ್ಡಮಾದಯ್ಯ ಅಳತೆಯ ಲೋಟವನ್ನು ಕ್ಯಾನಿನ ಅಂಚಿಗೆ ತಾಗಿಸಿಕೊಂಡು, ಅವಳ ಹಣೆಯೊಂದನ್ನು ಬಿಟ್ಟು ಬಾಗಿಲ ಚೌಕಟ್ಟು, ಹೊಸ್ತಿಲು, ಮೂಲೆಯಲ್ಲಿ ಮರೆತುಹೋದ ಬಾಡಿಗೆಯ ಕುರ್ಚಿ, ಎಲ್ಲವನ್ನೂ ನೋಡುತ್ತಿದ್ದ. ಒಂದೂವರೆ ಲೀಟರಿನಿಂದ ಒಬ್ಬ ಮನುಷ್ಯನನ್ನು ಕಳೆದರೆ ಎಷ್ಟು ಉಳಿಯುತ್ತದೆ? ಗಂಟಲಿನ ಗೆಡ್ಡೆ ದೊಡ್ಡದಾದ ಮೇಲೆ ಗಂಡ ಅಮೃತೇಶನ ಹೊಟ್ಟೆಗೆ ಇಳಿಯುತ್ತಿದ್ದದ್ದೇ ಹಾಲು, ಅದೂ ಮೂಗಿನ ನಳಿಕೆಯಿಂದ. ಎಂ.ಎ. ಓದಿದವಳು, ಸಂಖ್ಯಾಶಾಸ್ತ್ರದಲ್ಲಿ ತರಗತಿಗೇ ಮೊದಲು ಬಂದವಳು, ಪಾತ್ರೆ ಹಿಡಿದು ಸುಮ್ಮನೆ ನಿಂತಿದ್ದಳು.

“ಅರ್ಧ ಲೀಟ್ರು ಸಾಕು ತಾತ. ಅಜ್ಜಿ ಊರಿಗೆ ಹೋದ್ರು,” ಎಂದಿತು ಹಿಂದಿನಿಂದ ಅರ್ಪಿತಳ ದನಿ.

“ಬುಡಿ ಮತ್ತೆ, ಮನೆ ಯಜಮಾನ್ರೇ ಯೋಳುದ್ ಮೇಲೆ...” ಎಂದು ನಗಲು ಹೊರಟ ದೊಡ್ಡಮಾದಯ್ಯ ನಡುವೆಯೇ ನಾಲಗೆ ಕಚ್ಚಿಕೊಂಡು, ಅರ್ಧ ಅಳೆದು, ಕೊಸರಿಗೆಂದು ಇನ್ನೊಂದಿಷ್ಟು ಸುರಿದು, ಸೈಕಲ್ಲು ತಳ್ಳಿಕೊಂಡು ಹೋದ.

ಒಳಗೆ ಒಲೆಯ ಮೇಲೆ ಆಗಲೇ ಕಾಫಿಯ ಡಿಕಾಕ್ಷನ್ನು ಇಳಿದಿತ್ತು. ಒಂಬತ್ತು ವರ್ಷದ ಹುಡುಗಿ ಮಣೆಯ ಮೇಲೆ ನಿಂತು ಹಾಲು ಉಕ್ಕುವುದನ್ನು ಕಾಯುತ್ತಿದ್ದಳು. ಅವಳ ಕೈಗಳಿಂದ ಇನ್ನೂ ಡೆಟಾಲಿನ ವಾಸನೆ ಹೋಗಿರಲಿಲ್ಲ. ಬೆರಳ ತುದಿಗಳು ನೀರಲ್ಲಿ ನೆನೆದು ನೆನೆದು ಮುದುಕಿಯರ ಬೆರಳುಗಳ ಹಾಗೆ ಸುಕ್ಕುಗಟ್ಟಿದ್ದವು. ಗಂಟೆ ಎಂಟಾದರೂ ಯೂನಿಫಾರಂ ಹಾಕಿರಲಿಲ್ಲ. ಸ್ಕೂಲಿಗೆ ಹೋಗಲ್ವೇನೆ ಎಂದು ಪವಿತ್ರ ಕೇಳಿದಳು. “ನೀನು ಒಬ್ಳೇ ಇರ್ತೀಯಲ್ಲ,” ಎಂದಳು ಅರ್ಪಿತ. ನಾನೇನು ಕಾಯಿಲೆಯವಳಾ ಎಂದದ್ದಕ್ಕೆ ಲೋಟವನ್ನು ಮುಂದೆ ಇಟ್ಟು, ತಾಯಿಯ ಗಂಟಲನ್ನೇ ನೋಡುತ್ತ ನಿಂತಳು. ಆ ನೋಟ ಪವಿತ್ರಳಿಗೆ ಗೊತ್ತಿತ್ತು. ಗುಟುಕು ಇಳಿಯಿತೋ ಇಲ್ಲವೋ ಎಂದು ಕಾಯುವ ನೋಟ. ಐದು ತಿಂಗಳು ಆ ನೋಟ ಮಂಚದ ಕಡೆಗಿತ್ತು, ಈಗ ಇಲ್ಲಿಗೆ ತಿರುಗಿದೆ. ಕಾಫಿ ಬಿಸಿಯಾಗಿತ್ತು, ಸಕ್ಕರೆ ಸರಿಯಾಗಿತ್ತು, ಅವಳಿಗೆ ನುಂಗಲಾಗಲಿಲ್ಲ. ಆದರೂ ನುಂಗಿದಳು. ನುಂಗಿದಾಗ ಮಗುವಿನ ಭುಜ ಸ್ವಲ್ಪ ಇಳಿದದ್ದು ಕಂಡಿತು.

ಮಣ್ಣಿಗೆ ಬಂದವರೆಲ್ಲ ಇದನ್ನೇ ಹೊಗಳಿದ್ದರು. ಅಮೃತೇಶನನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವು ಮುಡಿಸಿ ಗೋಡೆಗೆ ಒರಗಿಸಿದ್ದಾಗ, ವಾಲುತ್ತಿದ್ದ ತಲೆಯ ಹಿಂದೆ ಎಲ್ಲಿ ದಿಂಬು ಕೊಟ್ಟರೆ ನಿಲ್ಲುತ್ತದೆ ಎಂದು ತೋರಿಸಿದವಳು ಅರ್ಪಿತ. ಎಂಥಾ ಕೂಸು ನೋಡಿ, ದೊಡ್ಡವರಿಗೂ ಬರಲ್ಲ ಈ ಜವಾಬ್ದಾರಿ ಎಂದು ಹೆಂಗಸರು ಕಣ್ಣೊರೆಸಿಕೊಂಡರು. ತಾಂಡವಪುರದ ಅತ್ತೆ ಮಲ್ಲಾಜಮ್ಮ ನಿನ್ನೆ ಸಂಜೆ ಬಸ್ಸು ಹತ್ತುವಾಗ, ಒಬ್ಬನೇ ಮಗನನ್ನು ಕಳೆದುಕೊಂಡು ಬತ್ತಿಹೋದ ದನಿಯಲ್ಲಿ, “ನಾನಿದ್ದು ಏನ್ ಮಾಡ್ಲವ್ವ? ಅಲ್ಲಿ ಹಸ ಕರು ನೋಡೋರಿಲ್ಲ. ಕೂಸೈತಲ್ಲ, ನಿನ್ನ ನೋಡ್ಕತ್ತದೆ ಬುಡು,” ಎಂದಿದ್ದರು. ಕೆಟ್ಟ ಮಾತಲ್ಲ. ಸಮಾಧಾನಕ್ಕೆ ಆಡಿದ್ದು. ಬಸ್ಸು ಹೋದ ಮೇಲೂ ಆ ಮಾತು ಡೀಸೆಲ್ಲಿನ ಹೊಗೆಯ ಹಾಗೆ ಅಲ್ಲೇ ನಿಂತಿತ್ತು.

ಹಾಲು ಕಾಯಿಸಿಟ್ಟ ಅರ್ಪಿತ ನಡುಮನೆ ಗುಡಿಸತೊಡಗಿದಳು. ಪವಿತ್ರ ಆ ಕೋಣೆಗೆ ಹೋದಳು. ಹಾಸಿಗೆಯನ್ನು ಯಾರೋ ಹೊಳೆಗೆ ಹಾಕಿ ಬಂದಿದ್ದರು. ಕಬ್ಬಿಣದ ಮಂಚ ಬರಿದಾಗಿ ನಿಂತಿತ್ತು. ತಲೆಯ ಕಡೆಯ ಕಂಬಿಗೆ ಬ್ಯಾಂಡೇಜು ಬಟ್ಟೆಯಲ್ಲಿ ಕಟ್ಟಿದ್ದ ಗಂಟೆ ಮಾತ್ರ ಹಾಗೇ ತೂಗುತ್ತಿತ್ತು. ಎತ್ತಿನ ಕೊರಳಿನ ಕಂಚಿನ ಗಂಟೆ, ಮುಷ್ಟಿಯಷ್ಟು ದೊಡ್ಡದು, ಒಂದು ಕಡೆ ಅಂಚು ಚಕ್ಕೆ ಎದ್ದದ್ದು. ಇದು ಈ ಮನೆಯದಲ್ಲ. ಹೆಮ್ಮಿಗೆಯ ಜವರಮ್ಮನದು.

ಎರಡು ವರ್ಷ ಅಮೃತೇಶ್ ಎರಡು ತಾಲ್ಲೂಕುಗಳ ಹಳ್ಳಿ ಸುತ್ತಿದ್ದ. ತಂದೆತಾಯಿಗಳ ಕಾಯಿಲೆಯನ್ನು ನೋಡಿಕೊಳ್ಳುವ ಮಕ್ಕಳನ್ನು ಹುಡುಕುತ್ತೇನೆ ಎನ್ನುತ್ತಿದ್ದ. ಮೈಸೂರಿನ ಸಂಶೋಧನಾ ಸಂಸ್ಥೆಯವರು ದುಡ್ಡು ಕೊಟ್ಟದ್ದು ಬರೀ ಕಾಯಿಲೆಗಳ ಸರ್ವೆಗೆ. ಮಕ್ಕಳು ಅವನಿಗೆ ದಾರಿಯಲ್ಲಿ ಸಿಕ್ಕವರು. ಅವನು ತುಂಬಿಸಿ ತಂದ ಫಾರಂಗಳನ್ನು ಅಂಕಿಗಳಿಗೆ ಇಳಿಸುವ ಕೆಲಸ ಪವಿತ್ರಳದು. ಹದಿನಾಲ್ಕನೆಯ ಪ್ರಶ್ನೆ: ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವವರು ಯಾರು? ಗಂಡ ಅಥವಾ ಹೆಂಡತಿಗೆ ಒಂದು, ಸೊಸೆಗೆ ಎರಡು, ಹದಿನೆಂಟು ತುಂಬಿದ ಮಗ ಮಗಳಿಗೆ ಮೂರು, ಬೇರೆ ನೆಂಟರಿಗೆ ನಾಲ್ಕು, ಯಾರೂ ಇಲ್ಲದಿದ್ದರೆ ಒಂಬತ್ತು. ಹತ್ತು ವರ್ಷದ ಹುಡುಗಿ ತಾಯಿಯ ಮೈ ಒರೆಸುತ್ತಿದ್ದ ಮನೆಗೂ ಒಂಬತ್ತೇ. ಅಮೃತೇಶ್ ಅಂಥ ಫಾರಂಗಳ ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ‘ಮಗು’ ಎಂದು ಬರೆದು ತರುತ್ತಿದ್ದ. ಒಂಬತ್ತು ಬರೀಬೇಡ ಪವಿ ಎನ್ನುತ್ತಿದ್ದ. ಮತ್ತೇನು ಬರೀಲಿ, ಕಂಪ್ಯೂಟರಿಗೆ ಕೆಂಪಿಂಕು ಓದೋಕೆ ಬರಲ್ಲ ಎಂದು ಅವಳು ನಗುತ್ತಿದ್ದಳು. ನಕ್ಕು ಒಂಬತ್ತು ಬರೆಯುತ್ತಿದ್ದಳು. ಅವಳ ಒಂಬತ್ತು ದುಂಡಗೆ, ಚೆಂದಕ್ಕೆ ಬರುತ್ತಿತ್ತು.

ಹೆಮ್ಮಿಗೆಯ ಜವರಮ್ಮನಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಗಂಡ ಮರಿಯಯ್ಯ ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋಗಿ ವಾರಕ್ಕೊಮ್ಮೆ ಬರುವವನು. ಮನೆಯ ಹಿಂದಿನ ಗೋಡೆಯಾಚೆಯೇ ಸ್ಕೂಲು. ಮಗಳು ದೇವೀರಮ್ಮನನ್ನು ಮೇಷ್ಟ್ರು ಆ ಕಡೆಯ ಕಿಟಕಿಯ ಪಕ್ಕ ಕೂರಿಸಿದ್ದರು. ಜವರಮ್ಮ ಮಲಗಿದ್ದಲ್ಲೇ ಎಡಗೈ ಬೆರಳಿಗೆ ಸುತ್ತಿಕೊಂಡ ಹಗ್ಗವನ್ನು ಒಂದಿಷ್ಟು ಎಳೆದರೆ ಗಂಟೆ ಆಡುತ್ತಿತ್ತು. ಹುಡುಗಿ ಯಾರನ್ನೂ ಕೇಳದೆ ಎದ್ದು ಓಡುತ್ತಿದ್ದಳು. ನೀರು ಕುಡಿಸಿ, ಮಗ್ಗುಲು ಬದಲಿಸಿ, ಬಂದು ಕೂರುತ್ತಿದ್ದಳು. ಮಗ್ಗಿ ಅವಳಿಗಾಗಿ ನಿಲ್ಲುತ್ತಿರಲಿಲ್ಲ. ಹನ್ನೆರಡೆಂಟ್ಲಿಯಲ್ಲಿ ಎದ್ದವಳು ಹದಿಮೂರು ಮೂರ್ಲಿಗೆ ಸೇರಿಕೊಳ್ಳುತ್ತಿದ್ದಳು. ಹಾಗೇ ಐದನೆಯ ಕ್ಲಾಸಿನವರೆಗೆ ಬಂದಿದ್ದಳು.

ಹೋದ ವರ್ಷ ಆಷಾಢದಲ್ಲಿ ಮೈಸೂರಿನಲ್ಲಿ ದೊಡ್ಡ ಸೆಮಿನಾರು. “ನಾನು ಮಾತಾಡಿದ್ರೆ ಅವರಿಗೆ ಕೇಳಿಸಲ್ಲ ಪವಿ. ಇದನ್ನ ಬಾರಿಸ್ತೀನಿ. ಆಗ ಕೇಳಲೇಬೇಕು,” ಎಂದು ಅಮೃತೇಶ್ ಆ ಗಂಟೆಯನ್ನು ಒಂದು ವಾರದ ಮಟ್ಟಿಗೆಂದು ಕೇಳಿ ತಂದ. ಅವನ ಕಣ್ಣು ಹೊಳೆಯುತ್ತಿತ್ತು. ಆ ಒಂದು ವಾರ ಜವರಮ್ಮ ಏನು ಮಾಡುತ್ತಾಳೆ ಎಂದು ಅವನಿಗೂ ಹೊಳೆಯಲಿಲ್ಲ, ಪವಿತ್ರಳಿಗೂ ಹೊಳೆಯಲಿಲ್ಲ. ಸೆಮಿನಾರಿನಲ್ಲಿ ಎಲ್ಲರೂ ಅದನ್ನು ಕೈಯಿಂದ ಕೈಗೆ ದಾಟಿಸಿದರಂತೆ. ದೆಹಲಿಯಿಂದ ಬಂದ ಒಬ್ಬರು ಅಲ್ಲಾಡಿಸಿ, ಎಷ್ಟು ಇಂಪಾಗಿದೆ, ಇಂಥದ್ದು ಎಲ್ಲಿ ಸಿಗುತ್ತೆ ಎಂದು ವಿಚಾರಿಸಿದರಂತೆ. ಅಮೃತೇಶ್ ಗಂಟಲು ಕಟ್ಟಿಕೊಂಡು ಮನೆಗೆ ಬಂದ. ಜಾಸ್ತಿ ಮಾತಾಡಿದೆ, ಅದಕ್ಕೇ ಎಂದ. ಗಂಟಲು ಬಿಡಲೇ ಇಲ್ಲ. ಒಂದು ವಾರ ಡಾಕ್ಟರು, ಇನ್ನೊಂದು ವಾರ ಸ್ಕ್ಯಾನಿಂಗು, ಆಮೇಲೆ ಗೆಡ್ಡೆ ಸುಡಲು ಕರೆಂಟು ಕೊಡಿಸುವುದು, ದಸರಾ ಹೊತ್ತಿಗೆ ದನಿ ಹೊರಟೇಹೋಯಿತು. ಮೇಜಿನ ಮೇಲಿದ್ದ ಗಂಟೆಯನ್ನು ತಂದು ಮಂಚದ ಕಂಬಿಗೆ ಕಟ್ಟಿದವಳು ಪವಿತ್ರಳೇ.

ದೀಪಾವಳಿ ಕಳೆದ ಮೇಲೆ ಒಂದು ಕಾರ್ಡು ಬಂತು. ಹೆಮ್ಮಿಗೆಯ ಮೇಷ್ಟ್ರು ಪುಟ್ಟಬಸವಯ್ಯನವರದು. ‘ಮಾನ್ಯರೇ, ತಾವು ಕೊಂಡೊಯ್ದ ಗಂಟೆಯನ್ನು ದಯಮಾಡಿ ತಲುಪಿಸುವುದು. ತಟ್ಟೆ ಬಡಿಯಲು ಹೇಳಿದೆವು, ಆಕೆಯ ಕೈಯಲ್ಲಿ ಬಲವಿಲ್ಲ. ನಾನೇ ಪೇಟೆಯಿಂದ ತಗಡಿನದೊಂದನ್ನು ತಂದುಕೊಟ್ಟೆ, ಅದರ ಶಬ್ದ ಗೋಡೆ ದಾಟುವುದಿಲ್ಲ. ಹುಡುಗಿ ಶಾಲೆಗೆ ಬರುವುದು ನಿಂತಿದೆ.’ ಪವಿತ್ರ ಆ ಕಾರ್ಡನ್ನು ಅಡುಗೆಮನೆಯಲ್ಲಿ ಎರಡು ಸಲ ಓದಿ, ಅಂಕಿ ಹಾಕದ ಫಾರಂಗಳ ಕಟ್ಟಿನ ತಳಕ್ಕೆ ಸೇರಿಸಿದಳು. ತೋರಿಸಿದರೆ ಅಮೃತೇಶ್ ಆ ಗಳಿಗೆಯಲ್ಲೇ ಗಂಟೆ ಕಳಿಸು ಎಂದು ಸ್ಲೇಟಿನ ಮೇಲೆ ಬರೆಯುತ್ತಿದ್ದ. ಗಂಟೆ ಹೋದರೆ, ಕರೆಯಲು ದನಿಯಿಲ್ಲದವನ ಪಕ್ಕದಲ್ಲಿ ಯಾರಾದರೂ ಕೂತೇ ಇರಬೇಕಾಗುತ್ತಿತ್ತು. ಕೊಳೆಯುತ್ತಿದ್ದ ಆ ಗಂಟಲಿನ ವಾಸನೆಯಲ್ಲಿ, ಜೊಲ್ಲು ಒರೆಸುತ್ತ, ಅವನ ಕಣ್ಣು ನೋಡುತ್ತ. ರಥಬೀದಿಯ ಪಾತ್ರೆ ಅಂಗಡಿಗಳಲ್ಲಿ ಸಾಲಾಗಿ ಗಂಟೆಗಳು ತೂಗುತ್ತಿದ್ದವು. ಒಂದನ್ನು ಕೊಂಡು ತಂದಿದ್ದರೆ ಮುಗಿದುಹೋಗುತ್ತಿತ್ತು. ತರಕಾರಿಗೆ ಹೋಗುವಾಗ ದಿನಾ ಅವುಗಳ ಕೆಳಗೇ ಹಾದುಹೋದಳು. ನಾಳೆ ನಾಳೆ ಎಂದುಕೊಂಡದ್ದು ಸುಳ್ಳಲ್ಲ. ಆದರೆ ಅಷ್ಟು ಹೊತ್ತಿಗೆ ಗಂಟೆ ಬಾರಿಸಿದರೆ ಅರ್ಪಿತ ಓಡಿಹೋಗುವುದು ಮನೆಯ ಅಭ್ಯಾಸವೇ ಆಗಿಬಿಟ್ಟಿತ್ತು.

“ಬಟ್ಟೆ ಹಾಕ್ಕೊ,” ಎಂದಳು ಮಗಳಿಗೆ. “ಹೆಮ್ಮಿಗೆಗೆ ಹೋಗಿ ಇದನ್ನ ಕೊಟ್ಟು ಬರೋಣ. ನಾಳೆಯಿಂದ ನೀನು ಸ್ಕೂಲಿಗೆ ಹೋಗ್ಬೇಕು.” ಗಂಟೆ ಮನೆಯಿಂದ ಹೋದರೆ ಎಲ್ಲವೂ ಹೋಗುತ್ತದೆ ಎಂದು ಅವಳು ನಿಜವಾಗಿಯೂ ನಂಬಿದ್ದಳೇ? ನಂಬಿದಂತೆ ಸೀರೆ ಉಟ್ಟಳು. ಅರ್ಪಿತ ಬ್ಯಾಂಡೇಜು ಬಟ್ಟೆಯನ್ನು ಬಿಚ್ಚಿ, ನಾಲಗೆ ಆಡದ ಹಾಗೆ ಗಂಟೆಯೊಳಗೆ ತುರುಕಿ, ಬ್ಯಾಗಿಗೆ ಹಾಕಿದಳು. ಆಮೇಲೆ ಬಾಟಲಿಗೆ ನೀರು ತುಂಬಿ, “ನಿನಗೆ ಬಸ್ಸಲ್ಲಿ ತಲೆ ಸುತ್ತುತ್ತೆ,” ಎಂದು ಒಂದು ನಿಂಬೆಹಣ್ಣನ್ನೂ ಇಟ್ಟುಕೊಂಡಳು.

ನರಸೀಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಂಡಕ್ಟರು “ಯಜಮಾನ್ರು ಹಿಂದಿದ್ದಾರಾ ಮೇಡಂ? ಎರಡೂವರೆ ಟಿಕೆಟ್ಟಾ?” ಎಂದ. “ಒಂದೂವರೆ,” ಎಂದಳು ಅರ್ಪಿತ. ಹೊರಗೆ ನಾಲೆಯ ನೀರು, ಕೊಯ್ದ ಕಬ್ಬಿನ ಕೂಳೆ, ಬಿಸಿಲು. ಹನ್ನೆರಡು ದಿನದ ಹಿಂದಿನ ಬಿಸಿಲೂ ಹೀಗೇ ಇತ್ತು. ಮಧ್ಯಾಹ್ನ ಮೂರು ಗಂಟೆ, ನಡುಮನೆಯ ಚಾಪೆಯ ಮೇಲೆ ಅವಳು ಫಾರಂಗಳನ್ನು ಹರಡಿಕೊಂಡು ಕೂತಿದ್ದಳು. ಇನ್ನು ಆರೇ ಉಳಿದಿದ್ದವು. ಗಂಟೆ ಬಾರಿಸಿತು. ಹಿತ್ತಲ ನಲ್ಲಿಯ ಹತ್ತಿರ ಬೆಡ್‌ಪ್ಯಾನು ತೊಳೆಯುತ್ತಿದ್ದ ಅರ್ಪಿತ, “ಅಮ್ಮಾ, ನೀನೇ ಹೋಗಮ್ಮ, ನನ್ನ ಕೈ ಗಲೀಜು,” ಎಂದು ಕೂಗಿದಳು. ಹೂಂ ಎಂದಳು ಪವಿತ್ರ. ಹೂಂ ಎಂದದ್ದು ಚೆನ್ನಾಗಿ ನೆನಪಿದೆ. ಫಾರಂ ಮುಗಿಸಿ ಏಳೋಣ ಎಂದುಕೊಂಡಳು. ಗಂಟೆ ಮತ್ತೆ ಬಾರಿಸಿತು, ಮೂರು ಸಲ ಬಿಡದೆ. ಹದಿನಾಲ್ಕನೆಯ ಪ್ರಶ್ನೆಗೆ ಬಂದಿದ್ದಳು. ಸದಾ ಕರೆಯುವುದೇ ಆಯಿತು, ಹಾಲು ಕೊಟ್ಟು ಇನ್ನೂ ಅರ್ಧ ಗಂಟೆಯಾಗಿಲ್ಲ ಎಂದು ಎದೆಯಲ್ಲಿ ಏನೋ ಕುದಿಯಿತು. ಹಾಗೆ ಕುದಿದದ್ದಕ್ಕೆ ನಾಚಿಕೆಯಾಯಿತು, ಆದರೂ ಎದ್ದೇಳಲಿಲ್ಲ. ಒಂದು ಸಲ, ತಡೆದು, ಇನ್ನೊಂದು ಸಲ. ಆಮೇಲೆ ಬಟ್ಟೆ ಸರಕ್ಕನೆ ಜಗ್ಗಿದ ಹಾಗೆ ಒಂದೇ ಒಂದು ದೊಡ್ಡ ಶಬ್ದ, ಮತ್ತೆ ಏನೂ ಇಲ್ಲ. ಹಿತ್ತಲಿಂದ ಅರ್ಪಿತ ಲಂಗಕ್ಕೆ ಕೈ ಒರೆಸಿಕೊಳ್ಳುತ್ತ ಅವಳ ಪಕ್ಕದಲ್ಲೇ ಹಾದು ಓಡಿದಳು. ಕೂತವಳನ್ನು ನೋಡಿದಳು. ಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಲ್ಲಿ ನಿಂತು, “ಅಮ್ಮಾ, ಅಪ್ಪಾಜಿ ಕೈ ಬಿಟ್ಬಿಟ್ರು,” ಎಂದಳು. ಪೆನ್ನಿನಲ್ಲಿ ಒಂಬತ್ತು ಅರ್ಧ ಆಗಿತ್ತು. ಅವತ್ತಿನಿಂದ ಇವತ್ತಿನವರೆಗೆ ಮಗು ಆ ಮಾತು ಎತ್ತಿಲ್ಲ. ಎತ್ತಿದ್ದರೆ, ಅತ್ತು ಕಿರುಚಿದ್ದರೆ, ಯಾಕಮ್ಮ ಏಳಲಿಲ್ಲ ಎಂದಿದ್ದರೆ ಪವಿತ್ರ ಉಸಿರಾಡಬಹುದಿತ್ತು. “ನಿಂಬೆಹಣ್ಣು ಮೂಸ್ತೀಯಾ?” ಎಂದಳು ಅರ್ಪಿತ ಪಕ್ಕದಿಂದ.

ನರಸೀಪುರದಲ್ಲಿ ಇಳಿದು, ಆಟೋದಲ್ಲಿ ಒತ್ತಿಕೊಂಡು ಕೂತು, ಹೆಮ್ಮಿಗೆ ತಲುಪಿದಾಗ ಹನ್ನೊಂದೂವರೆ. ಜವರಮ್ಮನ ಮನೆ ಅಂದರೆ ಯಾರಾದರೂ ತೋರಿಸುತ್ತಿದ್ದರು. ಬಾಗಿಲಲ್ಲಿ ರಾಗಿ ಕೇರುತ್ತಿದ್ದ ಹುಡುಗಿ ಮೊರ ಕೆಳಗಿಟ್ಟು ಎದ್ದಳು. ಎಣ್ಣೆ ಕಾಣದ ತಲೆ, ದೊಡ್ಡವರ ಕುಪ್ಪಸ. ದೇವೀರಮ್ಮ. ಫಾರಂನಲ್ಲಿ ಅವಳ ವಯಸ್ಸು ಹನ್ನೊಂದು.

“ಅಮೃತೇಶ್ ಸಾರ್ ಮನೆಯವರು ನಾವು,” ಎಂದಳು ಪವಿತ್ರ.

“ಬನ್ನಿ ಬನ್ನಿ, ಒಳೀಕ್ ಬನ್ನಿ. ಸಾರು ಬರ್ನಿಲ್ವಾ?”

ಪವಿತ್ರ ಬಾಯಿ ತೆರೆದಳು. ಹನ್ನೆರಡು ದಿನದಲ್ಲಿ ಆ ವಾಕ್ಯವನ್ನು ಅವಳೇ ಹೇಳಬೇಕಾದ ಸಂದರ್ಭ ಬಂದಿರಲಿಲ್ಲ. “ಅಪ್ಪಾಜಿ ತೀರ್ಕೊಂಡ್ರು,” ಎಂದಳು ಅರ್ಪಿತ. ದೇವೀರಮ್ಮ ಒಂದು ಗಳಿಗೆ ಅರ್ಪಿತಳನ್ನು ನೋಡಿ, ಒಳಗೆ ಚಾಪೆ ಹಾಸಿ, ಇಬ್ಬರಿಗೂ ನೀರು ತಂದುಕೊಟ್ಟಳು.

ಒಳಗೆ ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಜವರಮ್ಮ ಕಂಡಳು. ಗೋಡೆಯ ಕಡೆ ಮಗ್ಗುಲಾಗಿ, ಒಂದು ಕಣ್ಣು ಅರ್ಧ ಮುಚ್ಚಿ, ಇನ್ನೊಂದು ಪೂರ್ತಿ ತೆರೆದು. ಹಾಸಿಗೆ ಶುಭ್ರವಾಗಿತ್ತು. ಆ ಕೋಣೆಯಲ್ಲಿ ವಾಸನೆಯೇ ಇರಲಿಲ್ಲ. ಅದನ್ನು ಗಮನಿಸಿದಾಗ ಪವಿತ್ರಳಿಗೆ ಮುಖ ಬಿಸಿಯಾಯಿತು. ಜವರಮ್ಮ ಏನೋ ಗೊರಗೊರ ಎಂದಳು. “ಉಂಡ್ರಾ ಅಂತ ಕೇಳ್ತಾವ್ಳೆ ನಮ್ಮವ್ವ,” ಎಂದಳು ದೇವೀರಮ್ಮ.

ಹಿಂದಿನ ಗೋಡೆಯಾಚೆಯಿಂದ ಮಗ್ಗಿ ಕೇಳುತ್ತಿತ್ತು, ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ. ಪವಿತ್ರ ಬ್ಯಾಗಿನಿಂದ ಗಂಟೆ ತೆಗೆದು ಚಾಪೆಯ ಮೇಲಿಟ್ಟಳು. ತಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಆಡಬಾರದಷ್ಟು ಓದಿದವರ ಮಾತುಗಳಾಗಿದ್ದವು. “ತಡ ಆಯ್ತು. ಮೇಷ್ಟ್ರು ಕಾರ್ಡು ಬರೆದಿದ್ರು. ನನ್ನ ಕೈಗೇ ಬಂದಿತ್ತು. ನಾನೇ ತರ್ಲಿಲ್ಲ. ಅವರಿಗೂ ಹೇಳ್ಲಿಲ್ಲ,” ಎಂದಳು. “ನಾಳೆಯಿಂದ ನೀನು ಮತ್ತೆ ಸ್ಕೂಲಿಗೆ ಹೋಗ್ಬೋದು.”

ದೇವೀರಮ್ಮ ಗಂಟೆಯನ್ನು ಎತ್ತಿ, ಚಕ್ಕೆ ಎದ್ದ ಅಂಚಿನ ಮೇಲೆ ಬೆರಳಾಡಿಸಿದಳು. “ಅಯ್, ಬುಡಕ್ಕ. ಆ ಮೇಷ್ಟ್ರುಗೆ ಬ್ಯಾರೆ ಊರಿಗಾಯ್ತು. ವಸಾ ಮೇಷ್ಟ್ರು ಈ ಕಡೆ ಕಿಟಕಿ ಮುಚ್ಚಿಸ್ಬುಟ್ಟವ್ರೆ, ಐಕ್ಳು ಆಚೆ ನೋಡ್ತವೆ ಅಂತ. ಪಟ್ಟೀಲಿ ನನ್ನ ಎಸ್ರೂ ವಡ್ದಾಕವ್ರೆ.” ನಕ್ಕಳು. “ಈಗ ಗಂಟೆ ಯಾಕೆ? ನಾನೆಲ್ಲೂ ಓಗಲ್ವಲ್ಲ.”

ಯಾವ ತಪ್ಪೊಪ್ಪಿಗೆಯನ್ನೂ ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವಳ ಗಮನ ಅರ್ಪಿತಳ ಕೈಗಳ ಮೇಲಿತ್ತು. “ನಿಮ್ಮಪ್ಪಾರು ಬಾಳ ದಿನ ಮಲಗಿದ್ರಾ?”

“ಐದು ತಿಂಗಳು.”

“ಬೆನ್ನು ಉಣ್ಣಾಗಿತ್ತಾ?”

“ಆಗಿತ್ತು. ಪೌಡರ್ ಹಾಕ್ತಿದ್ದೆ.”

“ಪೌಡ್ರು ಆಕ್ಬಾರ್ದು ಕನಾ, ಬೆವ್ರಿಗೆ ಎಂಟೆ ಕಟ್ಬುಡ್ತದೆ. ಕೊಬ್ರಿ ಎಣ್ಣೆ ಸವರ್ಬೇಕು. ಮಗ್ಗುಲು ತಿರುಗಿಸ್ತಿದ್ಯಾ?”

“ಅಪ್ಪಾಜಿ ಭಾರ. ನಂಗಾಗ್ತಿರ್ಲಿಲ್ಲ.”

“ಕೈಲಿ ನೂಕಿದ್ರೆ ಆಯ್ತದಾ? ಅಳೇ ಸೀರೆ ಉದ್ದುಕ್ಕೆ ಮಡ್ಸಿ, ಕೆಳೀಕೆ ತೂರ್ಸಿ, ಈ ಕಡೆ ನಿಂತು ಎಳೀಬೇಕು. ನೋಡು, ಇಂಗೆ.” ತಾಯಿಯ ಕೆಳಗಿದ್ದ ಮಡಿಸಿದ ಸೀರೆಯ ಅಂಚು ಹಿಡಿದು ಒಂದು ಜಗ್ಗು ಜಗ್ಗಿದಳು. ಜವರಮ್ಮನ ಮೈ ದೋಣಿಯ ಹಾಗೆ ಮೆಲ್ಲಗೆ ತಿರುಗಿತು. ಅರ್ಪಿತ ಮಂಡಿಯೂರಿ ಹತ್ತಿರ ಸರಿದು, ಬಾಯಿ ಅರ್ಧ ತೆರೆದು ನೋಡುತ್ತಿದ್ದಳು. “ಇದು ಗೊತ್ತಿರ್ಲಿಲ್ಲ,” ಎಂದಳು. ಅವಳ ದನಿಯಲ್ಲಿ ಮೊದಲ ಸಲ ಅಳು ಇತ್ತು. “ಇದು ಗೊತ್ತಿದ್ದಿದ್ರೆ ಆಗ್ತಿತ್ತು.”

ಅಮೃತೇಶ್ ಇದ್ದಿದ್ದರೆ ಟೇಪ್ ರೆಕಾರ್ಡರಿನ ಗುಂಡಿ ಒತ್ತುತ್ತಿದ್ದ ಎಂದು ಪವಿತ್ರಳಿಗೆ ಅನಿಸಿತು. ಒತ್ತಿ, ಕಣ್ಣು ಹೊಳೆಸಿಕೊಂಡು, ನೋಡಿದೆಯಾ ಪವಿ ಎಂದು ತನ್ನ ಕಡೆ ತಿರುಗುತ್ತಿದ್ದ. ಎರಡು ವರ್ಷದ ಫಾರಂಗಳಲ್ಲಿ ಯಾವ ಪ್ರಶ್ನೆಗೂ ಈ ಮಾತು ಉತ್ತರವಾಗಿ ಬಂದಿರಲಿಲ್ಲ. ಬಂದಿದ್ದರೂ ಅದಕ್ಕೆ ಹಾಕಲು ತನ್ನಲ್ಲಿ ಅಂಕಿ ಇರಲಿಲ್ಲ. ಇಬ್ಬರು ಹುಡುಗಿಯರೂ ಒಂದೇ ಕಸುಬಿನವರ ಹಾಗೆ ತಲೆಗೆ ತಲೆ ಕೊಟ್ಟು ಮಾತಾಡುತ್ತಿದ್ದರು. ಆ ಮಾತಿನಲ್ಲಿ ತನಗೆ ಜಾಗವಿರಲಿಲ್ಲ.

“ನಿಮ್ಮನೇಲಿ ಈ ಗಂಟೆ ವಡುದ್ರೆ ಯಾರೋಯ್ತಿದ್ರಿ?” ಎಂದು ಕೇಳಿದಳು ದೇವೀರಮ್ಮ.

“ನಾನು,” ಎಂದಳು ಅರ್ಪಿತ. ಆಮೇಲೆ ತಾಯಿಯ ಕಡೆ ನೋಡದೆ, ಬೇಗ ಬೇಗ, “ಒಂದೊಂದ್ಸಲ ಅಮ್ಮನೂ ಹೋಗೋರು. ಜಾಸ್ತಿ ಅಮ್ಮನೇ,” ಎಂದಳು.

ಪವಿತ್ರ ಅಲ್ಲ ಎಂದು ಹೇಳಬೇಕಿತ್ತು. ಈ ಮಗುವಿನ ಬೆನ್ನ ಮೇಲಿಂದ ಇಷ್ಟಾದರೂ ಇಳಿಸಬೇಕಿತ್ತು. ಅವಳು ಹಣೆಯ ಮೇಲಿನ ಬೆವರು ಒರೆಸಿಕೊಂಡಳು. ಅಪ್ಪನ ತಲೆಯ ಹಿಂದೆ ದಿಂಬು ಕೊಟ್ಟು ನಿಲ್ಲಿಸಿದ ಹಾಗೆಯೇ ಮಗಳು ಅವಳನ್ನೂ ಈ ಮನೆಯಲ್ಲಿ ವಾಲದಂತೆ ನಿಲ್ಲಿಸಿದ್ದಳು.

ಜವರಮ್ಮ ಎಡಗೈ ಚಾಚಿ ಗೊರಗೊರ ಎಂದಳು. “ತನಗೆ ಬೇಕಂತೆ,” ಎಂದು ದೇವೀರಮ್ಮ ಗಂಟೆಯೊಳಗಿನ ಬ್ಯಾಂಡೇಜು ಬಟ್ಟೆಯನ್ನು ಎಳೆದು ತೆಗೆದು, ಸೂರಿನ ಗಳುವಿನಿಂದ ಇನ್ನೂ ಇಳಿಬಿದ್ದಿದ್ದ ಹಳೆಯ ಹಗ್ಗಕ್ಕೆ ಗಂಟೆ ಕಟ್ಟಿ, ತುದಿಯನ್ನು ತಾಯಿಯ ಬೆರಳಿಗೆ ಸುತ್ತಿದಳು. ಬಟ್ಟೆಯನ್ನು ಮಡಿಸಿ ಪವಿತ್ರಳ ಕೈಗೆ ಕೊಟ್ಟಳು. ಅದರಲ್ಲಿ ಇನ್ನೂ ಆ ಕೋಣೆಯ ವಾಸನೆ ಇತ್ತು. ಹುಡುಗಿಯರು ಮತ್ತೆ ಚಾಪೆಯ ಮೇಲೆ ಕೂತರು. ಅರ್ಪಿತ, ಎಣ್ಣೆ ಬಿಸಿ ಮಾಡಿ ಹಚ್ಚಬೇಕಾ ಎಂದು ಏನೋ ಕೇಳುತ್ತಿದ್ದಳು. ಗೋಡೆಯಾಚೆ ಹನ್ನೆರಡೆಂಟ್ಲಿ ನಡೆಯುತ್ತಿತ್ತು.

ಜವರಮ್ಮನ ಬೆರಳು ಇಷ್ಟೇ ಇಷ್ಟು ಆಡಿತು. ಗಂಟೆ ಬಾರಿಸಿತು.

ಇಬ್ಬರು ಹುಡುಗಿಯರೂ ಒಟ್ಟಿಗೆ ಎದ್ದು ನಿಂತರು. ಯಾಕೆ ಎದ್ದೆವೆಂದು ತಿಳಿದು ಅವರು ಒಬ್ಬರನ್ನೊಬ್ಬರು ನೋಡಿಕೊಳ್ಳುವಷ್ಟರಲ್ಲಿ, ಜವರಮ್ಮನ ತೆರೆದ ಕಣ್ಣು ಅವರನ್ನು ದಾಟಿ, ಚಾಪೆಯ ಮೇಲೆ ಕೂತೇ ಇದ್ದವಳ ಮೇಲೆ ನಿಂತಿತು.